ಹ್ಞೂಂ ಅನ್ನದಿರಲು ಕಲಿಸಿದ ವಕೀಲರಮ್ಮ

ಸಿಂಚನಾ, ಶಶಾಂಕ,

ಮೊನ್ನೆ ಮಸಾಲೆ ಡಬ್ಬಿ ತೊಳೆಯುವಾಗ ತಳದಲ್ಲಿ ಒಂದು ಲವಂಗ ಅಂಟಿಕೊಂಡಿತ್ತು. ಉಗುರಿನಿಂದ ಎಬ್ಬಿಸಿ ಬಾಯಿಗೆ ಹಾಕಿಕೊಂಡೆ. ಆ ಖಾರ ನಾಲಿಗೆಗೆ ತಾಗಿದ್ದೇ ತಡ, ದಾವಣಗೆರೆಯ ಒಂದು ಮನೆಯ ಮುಂದಿನ ಕೋಣೆ ಕಣ್ಣೆದುರು ಬಂತು... ಅಲ್ಲಿ ದವಡೆಗೆ ಲವಂಗ ಒತ್ತಿಕೊಂಡು ಕಾಗದ ಓದುತ್ತಿದ್ದವರ ಬಗ್ಗೆ ನಿಮಗೆ ಎಂದೂ ಹೇಳಿಲ್ಲ. ಬಾಯಲ್ಲಿ ಹೇಳಲು ಸಂಕೋಚ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಅವರನ್ನು ವಕೀಲರಮ್ಮ ಎಂದೇ ಕರೆಯುತ್ತಿದ್ದೆ. ವಕೀಲರೆಂದರೆ ಕೋರ್ಟು, ಹೊಲದ ವ್ಯಾಜ್ಯ ಎಂದಷ್ಟೇ ನನಗೆ ಗೊತ್ತಿತ್ತು. ಇವರು ಕೋರ್ಟಿಗೆ ಹೋಗುತ್ತಿದ್ದುದು ಅಪರೂಪ. ಆಸ್ಪತ್ರೆಯವರು, ಕಾಲೇಜಿನವರು, ಗಿರಣಿಯವರು ದೊಡ್ಡ ಕಂಪನಿಗಳಿಂದ ಕಂಪ್ಯೂಟರ್ ವ್ಯವಸ್ಥೆ ತರಿಸುವಾಗ ಆ ಕಂಪನಿಗಳ ಕರಾರನ್ನು ಇವರ ಮುಂದೆ ತಂದು ಇಡುತ್ತಿದ್ದರು. ಸಾಲು ಸಾಲು ಓದಿ, ಎಲ್ಲಿ ಗಂಟು ಬಿದ್ದಿದೆ ಎಂದು ಹುಡುಕಿ, ಕಂಪನಿಯವರ ಎದುರು ಕೂತು ವಾದಿಸಿ ಬಿಡಿಸಿಕೊಡುವುದು ಅವರ ಕೆಲಸ.

ನಿಮ್ಮ ಅಜ್ಜ ತೀರಿಕೊಂಡ ಎರಡನೆಯ ವರ್ಷ ಅದು. ದಾವಣಗೆರೆ, ಹರಿಹರ ತಾಲ್ಲೂಕುಗಳ ಹೆಂಗಸರ ಬೀಜದ ಸಂಘಗಳೆಲ್ಲ ಸೇರಿ ಒಂದು ಒಕ್ಕೂಟ ಮಾಡಿಕೊಂಡಿದ್ದೆವು. ನಮ್ಮೂರು ಸಾರಥಿಯಿಂದ ನನ್ನನ್ನು ಕಳಿಸಿದ್ದರು. ಮಾತಾಡದವಳು, ಜಗಳ ತರುವುದಿಲ್ಲ ಎಂದು ಅಧ್ಯಕ್ಷೆಯನ್ನೂ ಮಾಡಿಬಿಟ್ಟರು. ಯಾವ ಮಣ್ಣಿಗೆ ಯಾವ ಭತ್ತ ಒಗ್ಗಿತು, ಯಾರ ಬೀಜ ಚೆನ್ನಾಗಿ ಮೊಳೆಯಿತು, ಯಾವ ತಳಿಗೆ ರೋಗ ಬಂತು ಎಂದು ನಮ್ಮ ಹೆಂಗಸರು ವರ್ಷಾನುಗಟ್ಟಲೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಅದೆಲ್ಲ ಕಂಪ್ಯೂಟರಿಗೆ ಹೋಗಬೇಕಿತ್ತು. ಅದಕ್ಕೆ ಕಂಪನಿ ಕಳಿಸಿದ ಕರಾರು ನಲವತ್ತು ಪುಟ, ಅದೂ ಇಂಗ್ಲಿಷಿನಲ್ಲಿ. ರುಜು ಮಾತ್ರ ನನ್ನದು. ಅದನ್ನು ಹಿಡಿದುಕೊಂಡು ವಕೀಲರಮ್ಮನ ಮನೆಗೆ ಹೋದೆ.

ವಕೀಲರಮ್ಮನದೊಂದು ಪದ್ಧತಿ ಇತ್ತು. ಕರಾರನ್ನು ಕನ್ನಡಕ್ಕೆ ತಿರುಗಿಸಿ, ರುಜು ಹಾಕುವವರ ಮುಂದೆ ಗಟ್ಟಿಯಾಗಿ ಓದುತ್ತಿದ್ದರು. ತಿಳಿಯದ ಕಡೆ ನಾವು ನಿಲ್ಲಿಸಬೇಕು. ನಿಲ್ಲಿಸಿದ ಕಡೆ ಅವರು ಕೆಂಪು ಗೆರೆ ಎಳೆಯುತ್ತಿದ್ದರು.

ನಾನು ನಿಲ್ಲಿಸಲೇ ಇಲ್ಲ. ಓದಿದವರು ಓದುವಾಗ ಅಡ್ಡ ಬಾಯಿ ಹಾಕುವುದು ಹೇಗೆ? ಪುರಾಣ ಕೇಳುವವಳಂತೆ ಸೆರಗು ಹೊದ್ದು ಕೂತು ಸಾಲು ಸಾಲಿಗೂ ಹ್ಞೂಂಗುಟ್ಟಿದೆ. ಎಂಟನೆಯ ಪುಟಕ್ಕೆ ಬಂದಾಗ ಅವರು ಅದೇ ಧಾಟಿಯಲ್ಲಿ ಓದಿದರು: "ಪ್ರತಿ ಸೋಮವಾರ ಅಧ್ಯಕ್ಷರು ಕಂಪನಿಯ ಎಮ್ಮೆಗೆ ಮೇವು ಹಾಕಿ, ಸಗಣಿ ಬಾಚತಕ್ಕದ್ದು."

"ಹ್ಞೂಂ" ಎಂದೆ.

ಅವರು ಕಾಗದ ಕೆಳಗಿಟ್ಟರು. "ಅಲ್ರೀ ತಾಯಿ, ಎಮ್ಮಿ ಎಲ್ಲೈತೆ ಅಂತನಾದ್ರೂ ಕೇಳಬ್ಯಾಡ್ವೇನ್ರಿ?"

ನಕ್ಕು ನಕ್ಕು ಅವರಿಗೆ ಲವಂಗ ನೆತ್ತಿಗೇರಿತು. ನನಗೆ ನಗು ಬಂತೋ ಅಳು ಬಂತೋ... ಎರಡೂ ಬಂದವು. ಅವರೇ ಎದ್ದು ನನಗೂ ನೀರು ತಂದುಕೊಟ್ಟರು. ಆಮೇಲೆ ಮೆತ್ತಗೆ ಹೇಳಿದರು: "ಹ್ಞೂಂ ಅನ್ನೋದೂ ರುಜು ಹಾಕಿದಂಗೇನೆ. ನೀವು ನಾಚ್ಕಂಡು ಕುಂತ್ರೆ ಅಷ್ಟೂ ಊರಿನ ಹೆಣ್ಮಕ್ಕಳು ಬರೆದಿದ್ದು ಕೈಬಿಟ್ಟು ಹೋಗತೈತೆ. ನಡೀರಿ, ಒಂದನೇ ಪುಟದಿಂದ."

ಎರಡನೆಯ ಸಲ ನಿಲ್ಲಿಸಿದೆ. ಲೈಸೆನ್ಸ್ ಎಂದರೇನು ಎಂದು ಕೇಳಿದೆ. ಸಾಫ್ಟ್‌ವೇರ್ ಕಂಪನಿಯದೇ, ನಮಗೆ ವರ್ಷ ವರ್ಷ ಬಳಸಲು ಅಪ್ಪಣೆ ಅಷ್ಟೆ ಎಂದರು. ನಮ್ಮ ಕಡೆ ಬೇರೆಯವರ ಹೊಲವನ್ನು ಇಂತಿಷ್ಟು ವರ್ಷಕ್ಕೆಂದು ಮಾಡುವುದಕ್ಕೆ ಲಾವಣಿ ಎನ್ನುತ್ತೇವೆ. "ಹಂಗಾದ್ರೆ ಲಾವಣಿ ಹೊಲ ಇದ್ದಂಗೆ" ಎಂದೆ. ಅವರು ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು. ಇನ್ನಷ್ಟು ಪುಟ ಹೋದ ಮೇಲೆ ಒಂದು ಸಾಲು ಬಂತು: ಲೈಸೆನ್ಸ್ ಮುಗಿದರೆ, ಅದರೊಳಗೆ ತುಂಬಿದ ಮಾಹಿತಿಯೆಲ್ಲ ಕಂಪನಿಯಲ್ಲೇ ಉಳಿಯತಕ್ಕದ್ದು.

"ನಿಲ್ರಿ" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಮುಂದಿನ ವಾರ ಕಂಪನಿಯಿಂದ ಇಬ್ಬರು ಬಂದರು. ವಕೀಲರಮ್ಮ ಒಂದೊಂದೇ ಕೆಂಪು ಗೆರೆ ಹಿಡಿದು ವಾದಿಸಿದರು. ಕೆಲವಕ್ಕೆ ಅವರು ಒಪ್ಪಿದರು. ಮಾಹಿತಿಯ ಆ ಸಾಲಿಗೆ ಬಂದಾಗ ಹಿರಿಯ ಮನುಷ್ಯ ಆಗದು ಎಂದು ತಲೆಯಾಡಿಸಿಬಿಟ್ಟ. "ಇದು ಸ್ಟ್ಯಾಂಡರ್ಡ್ ಕರಾರು ಮೇಡಮ್, ಎಲ್ಲಾ ಕಡೆ ಇದೇ. ಒಂದಕ್ಷರ ಬದಲಾಗಲ್ಲ."

ವಕೀಲರಮ್ಮ ನನ್ನ ಕಡೆ ತಿರುಗಿದರು. "ನಮ್ಮ ಅಧ್ಯಕ್ಷರು ಏನೋ ಕೇಳಬೇಕಂತೆ."

ನಾನು ಹಾಗೆಂದು ಹೇಳಿರಲೇ ಇಲ್ಲ! ಸುಮ್ಮನಿದ್ದರೆ ಅದೂ ಒಂದು ಹ್ಞೂಂ ಆಗುತ್ತದೆ ಎಂದು ಆ ಹೊತ್ತಿಗೆ ಹೊಳೆಯಿತು. ಮೇಜು ನೋಡುತ್ತಲೇ ಕೇಳಿದೆ: "ಹೊಲ ನಿಮ್ದು, ನಾವು ಲಾವಣಿ ಮಾಡಿದೋರು. ಬಿಡು ಅಂದಾಗ ಬಿಡ್ತೀವಿ. ನಿಂತ ಬೆಳೆ ಯಾರದ್ರಿ? ಬಿತ್ತಿದೋರು ನಾವಲ್ಲೇನ್ರಿ?"

ಚಿಕ್ಕವನು ನಕ್ಕ. ಹಿರಿಯ ನಗಲಿಲ್ಲ. ಫೋನ್ ಹಿಡಿದು ಜಗುಲಿಗೆ ಹೋದ, ಬಹಳ ಹೊತ್ತು ಮಾತಾಡಿದ. ಒಳಗೆ ಬಂದು, "ಬರೀರಿ ಮೇಡಮ್, ಹೆಂಗೆ ಬರೀತೀರೋ" ಎಂದ.

ಮಾಹಿತಿ ಒಕ್ಕೂಟದ್ದು, ಲೈಸೆನ್ಸ್ ಮುಗಿದ ಮೂವತ್ತು ದಿನದೊಳಗೆ ಎಲ್ಲವನ್ನೂ ತೆರೆದು ಓದಲು ಬರುವ ಹಾಗೆ ವಾಪಸು ಕೊಡತಕ್ಕದ್ದು ಎಂದು ವಕೀಲರಮ್ಮ ಬರೆದು ಓದಿದರು. ನಾನು ಮತ್ತೆ ನಿಲ್ಲಿಸಿದೆ. ಎಲ್ಲ ಎಂದರೆ ಹಳೆಯ ನೋಟ್‌ಬುಕ್ಕಿನದೂ ಸೇರಿ ತಾನೆ? ಅದನ್ನೂ ಸೇರಿಸಿದರು. "ನನ್ನ ಕೆಲ್ಸಕ್ಕೇ ಕುತ್ತು ತರ್ತೀರಿ ನೀವು" ಎಂದು ಕೈ ಒತ್ತಿದರು. ಅವರ ಕೈ ತಣ್ಣಗಿತ್ತು. ಅವರಿಗೂ ಹೆದರಿಕೆ ಇತ್ತೇನೋ... ನಾನು ಕೇಳಲಿಲ್ಲ.

ವರ್ಷಗಳ ಮೇಲೆ ಆ ಕಂಪನಿ ಈ ಕೆಲಸವನ್ನೇ ಕೈಬಿಟ್ಟಿತು. ಹಳೆಯ ಕರಾರಿಗೆ ಹಾಗೇ ರುಜು ಹಾಕಿದ ಬೇರೆ ಕಡೆಯವರು ತಮ್ಮ ಮಾಹಿತಿ ಕೊಡಿ ಎಂದು ಇನ್ನೂ ಕಾಗದ ಬರೆಯುತ್ತಲೇ ಇದ್ದಾರಂತೆ. ನಮ್ಮದು ಹೇಳಿದ ದಿನದೊಳಗೆ ಬಂತು. ಮಲೆಬೆನ್ನೂರಿನಿಂದ ಕುಕ್ಕುವಾಡದವರೆಗೆ ಒಂದು ಹೆಸರೂ ತಪ್ಪಿರಲಿಲ್ಲ. ಹೇಳಲೆಂದು ಮಾರನೆಯ ದಿನವೇ ದಾವಣಗೆರೆ ಬಸ್ಸು ಹತ್ತಿದೆ. ಆ ಮುಂದಿನ ಕೋಣೆಯಲ್ಲಿ ಬೇರೆ ಯಾರೋ ಬಾಡಿಗೆಗಿದ್ದರು. ವಕೀಲರಮ್ಮ ತೀರಿಹೋಗಿ ಐದು ತಿಂಗಳಾಗಿತ್ತು. ನನಗೆ ತಿಳಿಸುವವರು ಯಾರು? ನಾನು ಅವರ ಬಳಗದವಳಲ್ಲ...

ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು ಎದ್ದು ಬಂದೆ. ಹೇಳಬೇಕೆಂದಿದ್ದ ಮಾತು ಇಂದಿಗೂ ನನ್ನಲ್ಲೇ ಇದೆ.

ಒಕ್ಕೂಟದ ಬೀರುವಿನಲ್ಲಿ ಆ ಕರಾರು ಈಗಲೂ ಇದೆ. ಅದರಲ್ಲಿ ನನ್ನ ರುಜು ಇದೆ, ಕಂಪನಿಯ ಮುದ್ರೆ ಇದೆ, ಇಬ್ಬರು ಸಾಕ್ಷಿಗಳಿದ್ದಾರೆ. ತಿದ್ದಿ ಬರೆದವರ ಗುರುತು ಎಲ್ಲೂ ಇಲ್ಲ. ವಕೀಲರ ಕೆಲಸವೇ ಹಾಗಂತೆ. ಅವರಿಂದ ಏನಾಯಿತು ಎಂದು ಬರೆದಿರುವುದು ಈ ಹಾಳೆಗಳಲ್ಲಿ ಮಾತ್ರ. ಅಕ್ಷರ ಸೊಟ್ಟಗಿದೆ, ಬೈದುಕೊಳ್ಳಬೇಡಿ. ತಿಳಿಯದ ಕಡೆ ನಿಲ್ಲಿಸಿ, ನಾನು ಇರುವಾಗಲೇ ಕೇಳಿ. ಆಮೇಲೆ ಇವನ್ನು ಮಡಚಿ, ಒದ್ದೆಯಾಗದ ಕಡೆ ಜೋಪಾನವಾಗಿ ಇಡಿ, ಮಕ್ಕಳೇ.