ಬುಗ್ಗೆಯಲ್ಲಿ ಇಂಗಿನ ಪರಿಮಳ

ಪವಾಡ, ವಿಚಿತ್ರ ಎಂದು ಯಾರಾದರೂ ಕತೆ ಶುರುಮಾಡಿದರೆ ಚಹಾ ಮುಗಿಸಿ ಎದ್ದು ಹೋಗುವ ಜಾತಿಯವಳು ನಾನು. ಈಗ ನಾನೇ ಹೇಳಲು ಕೂತಿದ್ದೇನೆ. ನೀವು ಎದ್ದು ಹೋದರೂ ಬೇಸರವಿಲ್ಲ.

ಅಂಧೇರಿಯ ಒಂದು ಪ್ರಯೋಗಾಲಯದಲ್ಲಿ ನನ್ನ ಕೆಲಸ. ಬಿಸಿನೀರಿನ ಬುಗ್ಗೆಗಳಲ್ಲಿ ಮೇಲೇಳುವ ಗುಳ್ಳೆಗಳನ್ನು ಬಾಟಲಿಯಲ್ಲಿ ಹಿಡಿದು ತಂದು, ಆ ಅನಿಲ ಎಲ್ಲಿಂದ ಬಂತೆಂದು ಪತ್ತೆ ಹಚ್ಚುತ್ತೇವೆ. ಇಲ್ಲಿಯ ನೆಲವೆಲ್ಲ ಹಳೆಯ ಜ್ವಾಲಾಮುಖಿಯ ಕಲ್ಲು. ಗುಳ್ಳೆ ಭೂಮಿಯ ಆಳದ್ದೋ, ಮಳೆನೀರಿನೊಂದಿಗೆ ಇಳಿದ ಗಾಳಿಯೇ ಮರಳಿ ಬಂದದ್ದೋ ಎಂಬುದು ಪ್ರಶ್ನೆ.

ಕೆಲವು ವರ್ಷಗಳ ಹಿಂದೆ ಒಂದು ಜ್ವರ ಬಂದು ನಮ್ಮ ಭಾವನ ಮೂಗು ಸತ್ತುಹೋಯಿತು. ಭಾವ ಎಂದರೆ ಅಕ್ಕನ ಗಂಡ, ಬೈಕುಲ್ಲಾದ ಉಡುಪಿ ಹೋಟೆಲೊಂದರ ಮುಖ್ಯ ಅಡುಗೆಯವರು. ಬಡಿಸುವ ಮೊದಲು ರುಚಿ ನೋಡಿದರೆ ಎಂಜಲಾಯಿತು ಎನ್ನುವ ಮನೆತನ. ಉಪ್ಪು, ಹುಳಿ, ಖಾರ ಎಲ್ಲ ಹಬೆಯ ವಾಸನೆಯಲ್ಲೇ ತೀರ್ಮಾನ. ವಾಸನೆ ಹೋದಮೇಲೆ ಸಾಂಬಾರು ದಿನಕ್ಕೊಂದು ಥರ. ಮಾಲೀಕರು ಒಳ್ಳೆಯವರು, ಕೌಂಟರಿನಲ್ಲಿ ಕೂರಿ ಎಂದರು. ಒಲೆ ಬಿಟ್ಟು ಕೂರುವುದಾದರೆ ಊರಿಗೇ ಹೋಗುತ್ತೇನೆಂದು ಭಾವ ಗಂಟುಮೂಟೆ ಕಟ್ಟತೊಡಗಿದರು. ಅಕ್ಕನಿಗೆ ಅಳು, ನನಗೆ ಸಂಕಟ.

ಮನಸ್ಸು ಹಗುರಾಗಲಿ ಎಂದು ಒಂದು ಭಾನುವಾರ ಭಾವನನ್ನು ವಜ್ರೇಶ್ವರಿಯಾಚೆಯ ಬಿಸಿನೀರಿನ ಬುಗ್ಗೆಗೆ ಕರೆದೊಯ್ದೆ. ನಾನು ನೀರಿನಲ್ಲಿ ಆಲಿಕೆ ಬೋರಲು ಹಾಕಿ ಗುಳ್ಳೆ ಹಿಡಿಯುತ್ತಿದ್ದೆ. ಭಾವ ಪ್ಯಾಂಟಿನ ಕಾಲು ಮಡಚಿ ಪಕ್ಕದಲ್ಲಿ ಬಗ್ಗಿದವರು ಹಾಗೇ ನಿಂತುಬಿಟ್ಟರು.

“ಎಂತ ಮಾರಾಯ್ತಿ ಇದು? ಇಂಗಿನ ಒಗ್ಗರಣೆ ಪರಿಮಳ ಬರ್ತಾ ಉಂಟಲ್ಲ!”

“ನಂಗೆ ಎಂತದೂ ಬರ್ತಿಲ್ಲ, ಭಾವ.”

“ನಿನ್ನ ಮೂಗಿಗೂ ಜ್ವರ ಬಂತಾ ಹಾಗಾದ್ರೆ?” ಎಂದು ಬಿದ್ದುಬಿದ್ದು ನಕ್ಕರು. ಎಷ್ಟೋ ತಿಂಗಳ ನಂತರದ ನಗು ಅದು. ನನಗೆ ಕಣ್ಣು ತುಂಬಿತು.

ಇಂಗಿನ ವಾಸನೆಯೂ ಗಂಧಕದ್ದೇ; ನನಗೆ ತಿಳಿಯದಷ್ಟು ಗಂಧಕದ ಅನಿಲ ಭಾವನ ಮೂಗಿಗೆ ಬಡಿದು ಎಬ್ಬಿಸಿರಬೇಕು ಎಂದುಕೊಂಡೆ. ಪ್ರಯೋಗಾಲಯದಲ್ಲಿ ನೋಡಿದರೆ ಗಂಧಕದ ಸುಳಿವೇ ಇಲ್ಲ. ಬಹುಪಾಲು ಸಾರಜನಕ, ಮಳೆಯೊಂದಿಗೆ ಇಳಿದ ಗಾಳಿಯದು. ಚೂರು ಹೀಲಿಯಂ, ಕಲ್ಲಿನದು. ಯಾವುದಕ್ಕೂ ವಾಸನೆಯಿಲ್ಲ. ಇನ್ನೊಂದು ಬಾಟಲಿ ನೋಡಿದೆ, ಅದೇ ಉತ್ತರ.

ಅಷ್ಟರಲ್ಲಿ ಭಾವ ಮತ್ತೆ ಒಲೆಯ ಮುಂದೆ ನಿಂತಾಗಿತ್ತು. ಮೂಗು ತಾನಾಗಿ ಗುಣವಾಗುವ ಹೊತ್ತಿಗೆ ಸರಿಯಾಗಿ ಅಲ್ಲಿ ಬಗ್ಗಿದರು, ಅಷ್ಟೇ ಎಂದರು ಡಾಕ್ಟರು. ಒಪ್ಪೋಣ. ಆದರೆ ಏನೂ ಇಲ್ಲದ ಕಡೆ ಇಂಗು ಎಲ್ಲಿಂದ ಬಂತು? ಅದು ನನಗಿನ್ನೂ ಬಗೆಹರಿದಿಲ್ಲ.

ಈಗಲೂ ಬುಗ್ಗೆಗೆ ಹೋದಾಗ, ಜೊತೆಯವರು ಆಚೆ ಸರಿದ ಮೇಲೆ, ಮೂಗು ನೀರಿಗೆ ತಾಗುವಷ್ಟು ಬಗ್ಗುತ್ತೇನೆ. ಏನೂ ಬರುವುದಿಲ್ಲ. ಭಾವನ ಮೇಲೆ ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ ಎನ್ನಿ.