ಹಳೇ ನಾರಿನ ಮೇಲೆ ಹೊಸ ಬಟ್ಟೆ

ಆ ಬೀದಿಯಲ್ಲಿ ಎಲ್ಲರಿಗೂ ಅವಳು ಸೋಫಾದಮ್ಮ. ಹರಿದ ಸೋಫಾ, ಕುಸಿದ ಕುರ್ಚಿ, ಏನೇ ತನ್ನಿ, ಬಿಚ್ಚಿ ಹೊಸದಾಗಿ ಕಟ್ಟಿಕೊಡುತ್ತಾಳೆ. ಕೆಲಸಕ್ಕೆ ಕೂತಳೆಂದರೆ ಒಂದಿಷ್ಟು ಸಣ್ಣ ಮೊಳೆ ಬಾಯಿಗೆ ಹಾಕಿಕೊಂಡು, ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಂದು, ಅಯಸ್ಕಾಂತದ ಸುತ್ತಿಗೆಗೆ ಅಂಟಿಸಿ ಟಕ್ಕೆಂದು ಹೊಡೆಯುತ್ತಾಳೆ. ಬಾಯಲ್ಲಿ ಮೊಳೆ ಇರುವಷ್ಟು ಹೊತ್ತು ಮಾತಿಲ್ಲ. ಗಂಡನಿಗೆ ಸಿಗುವ ವಿಶ್ರಾಂತಿ ಅದೊಂದೇ ಎಂದು ಗಿರಾಕಿಗಳು ನಗುತ್ತಾರೆ. ಮೊಳೆ ಮುಗಿಯಿತೋ, ದೇವರೇ ಕಾಪಾಡಬೇಕು!

ಒಂದು ದಿನ ಗಿರಾಕಿಯ ಬಿಳಿ ಬಟ್ಟೆಯ ಮೇಲೆ ಕೆಂಪು ಚುಕ್ಕೆ ಕಂಡಿತು. ಬೆರಳಿಗೆ ಚುಚ್ಚಿತೇ ಎಂದು ತಿರುಗಿಸಿ ನೋಡಿಕೊಂಡಳು. ಬೆರಳಲ್ಲ, ಬಾಯಿ. ಒಸಡು ಊದಿ ರಕ್ತ ಒಸರುತ್ತಿತ್ತು. ಕೆಳಗಿನ ಸಾಲಿನ ಮುಂದಿನ ಎರಡು ಹಲ್ಲು ನಾಲಿಗೆ ತಾಗಿದರೂ ಅಲುಗುತ್ತಿದ್ದವು.

ಸುದ್ದಿ ಅಕ್ಕನಿಗೆ ಮುಟ್ಟಿತು. ಅಕ್ಕನ ಬಾಯಲ್ಲಿರುವುದೆಲ್ಲ ಕಟ್ಟಿಸಿಕೊಂಡ ಹಲ್ಲು. "ಸುಮ್ನೆ ಕೀಳಿಸಿಬಿಡೇ. ಅಮ್ಮಂಗೂ ಹೀಗೇ ಆಯ್ತು, ನಂಗೂ ಹೀಗೇ ಆಯ್ತು. ಐವತ್ತು ದಾಟಿದ್ರೆ ನಮ್ಮನೇಲಿ ಹಲ್ಲು ನಿಲ್ಲಲ್ಲ. ಹಣೆಬರಹ ಕಣೇ."

"ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ಳೋಳು ನಾನಲ್ಲ! ಯಾವ ಹಣೆಬರಹ? ನನ್ನ ಹಲ್ಲು ನನ್ನ ಬಾಯಲ್ಲೇ ಇರುತ್ತೆ, ನೋಡ್ತಿರು."

ಆ ಹಟದಲ್ಲೇ ಹಲ್ಲಿನ ಡಾಕ್ಟರಮ್ಮನ ಕುರ್ಚಿಯಲ್ಲಿ ಕೂತಳು. ಡಾಕ್ಟರಮ್ಮ ಮರಗಟ್ಟಿಸುವ ಸೂಜಿ ಚುಚ್ಚಿ, ಬಲಗಡೆಯ ಒಸಡಿನೊಳಗೆ ಬೇರಿಗೆ ಅಂಟಿ ಕಲ್ಲಾಗಿದ್ದ ಕೊಳೆಯನ್ನು ಕೆರೆದು ತೆಗೆದಳು. ಇನ್ನು ಮುಂದೆ ಬಾಯಿಗೆ ಮೊಳೆ ಹಾಕಕೂಡದು ಎಂದಳು. "ಎಡಗಡೆಗೆ ಮುಂದಿನ ವಾರ ಬನ್ನಿ, ಅಮ್ಮ. ಅರ್ಧಕ್ಕೆ ಬಿಡಬೇಡಿ."

ಸೋಫಾದಮ್ಮ ಅರ್ಧಕ್ಕೇ ಬಿಟ್ಟಳು. ಕಿರ್ರೆನ್ನುವ ಆ ಸದ್ದಿಗೆ ಅವಳ ಜೀವ ಬಾಯಿಗೆ ಬಂದಿತ್ತು. ಹಾಗೆಂದು ಒಪ್ಪಿಕೊಳ್ಳುವ ಹೆಂಗಸೇ? ನೆಪವೂ ಸಿಕ್ಕಿತು. ಅಂಗಡಿಯಲ್ಲಿ ಫೋಮ್ ಕತ್ತರಿಸುವ ಗಂಡ, ಪಾಪ, ಪ್ರೀತಿಯಿಂದ ಒಂದು ಡಬ್ಬಿ ಮಾತ್ರೆ ತಂದಿದ್ದ. "ಆಂಟಿಆಕ್ಸಿಡೆಂಟ್ ಅಂತೆ. ಒಸಡಿಗೂ ಒಳ್ಳೇದು ಅಂದ್ರು ಔಷಧಿ ಅಂಗಡಿಯವ್ರು." ದಿನಾ ನುಂಗಿದಳು. ರಕ್ತ ಕಡಿಮೆಯಾದಂತೆ ಕಂಡಿತು. ಕೆರೆಸಿಕೊಳ್ಳುವ ಕರ್ಮ ಇನ್ಯಾಕೆ ಎಂದು ತಿಂಗಳುಗಟ್ಟಲೆ ಆ ಕಡೆ ತಲೆ ಹಾಕಲಿಲ್ಲ.

ಹೀಗಿರುವಾಗ ಗಿರಾಕಿಯೊಬ್ಬ ಹಳೇ ಸೋಫಾ ತಂದ. "ಒಳಗೇನೂ ಬಿಚ್ಚಬೇಡಿ. ಮೇಲೆ ಹೊಸ ಬಟ್ಟೆ ಹೊದಿಸಿ, ಸಾಕು."

ಸೋಫಾದಮ್ಮ ಮೂಸಿ ನೋಡಿ ಮುಖ ಕಿವುಚಿದಳು. "ಒಳಗೆ ನಾರು ಕೊಳೆತು ನಾರ್ತಿದೆ, ಇದರ ಮೇಲೆ ಹೊಸ ಬಟ್ಟೆನಾ? ಮೇಲೆ ಥಳುಕು, ಒಳಗೆ ಹುಳುಕು! ಅಂಥ ಕೆಲಸ ನನ್ನ ಕೈಲಾಗಲ್ಲ, ಎತ್ಕೊಂಡು ನಡೀರಿ!"

ಗಿರಾಕಿ ಸೋಫಾ ಹೊರಿಸಿಕೊಂಡು ಹೋದ. ಗಂಡ ಚಾಕು ಕೆಳಗಿಟ್ಟ. ಆಡಿದರೆ ಮುತ್ತು ಉದುರೀತು ಎನ್ನುವಂಥ ಮನುಷ್ಯ. "ನಿನ್ನ ಬಾಯಿಗೆ ನಾವು ಮಾಡಿರೋದೂ ಅದೇ ಅಲ್ವಾ?" ಎಂದ. "ಡಬ್ಬಿ ತಂದವನು ನಾನೇ. ಆದ್ರೆ ಒಳಗಿನ ಕೊಳೆ ತೆಗೆಸದೆ ಅದನ್ನ ನುಂಗಿ ಏನು ಬಂತು?"

ಸುತ್ತಿಗೆ ಮೂಲೆಗೆ ಹಾರಿತು. ಗಂಡನಿಗೆ ಬಾಯಿಗೆ ಬಂದಂತೆ ಬೈದಳು. ಬೈಯುತ್ತಲೇ ಚಪ್ಪಲಿ ಮೆಟ್ಟಿ ಡಾಕ್ಟರಮ್ಮನ ಬಳಿ ಹೋದಳು.

ಡಾಕ್ಟರಮ್ಮ ಕನ್ನಡಿ ಹಿಡಿದು ತೋರಿಸಿದಳು. ಬಲಗಡೆ ಒಸಡು ಗಟ್ಟಿಯಾಗಿತ್ತು, ಎಡಗಡೆ ಕೀವು. "ಮಾತ್ರೆ ಎರಡೂ ಕಡೆಗೆ ಹೋಗಿದೆ ತಾನೇ, ಅಮ್ಮ? ಮತ್ತೆ ಒಂದೇ ಕಡೆ ಯಾಕೆ ವಾಸಿಯಾಯ್ತು?"

"ಹಾಗಾದ್ರೆ ಡಬ್ಬಿ ತಿಪ್ಪೆಗೆ ಎಸೀಲಾ?"

"ಎಸೆಯೋದ್ಯಾಕೆ? ಕೊಳೆ ತೆಗೆದ ಮೇಲೆ ಊತ ಇಳಿಯೋಕೆ ಅದೂ ಸ್ವಲ್ಪ ಕೈಜೋಡಿಸಬಹುದು. ಹಣ್ಣು ತರಕಾರಿ ಚೆನ್ನಾಗಿ ತಿನ್ನಿ, ಅದೂ ಒಳ್ಳೇದೇ. ಆದ್ರೆ ಕೊಳೆ ಕೀಳೋದು ಮಾತ್ರೆ ಕೈಲಾಗಲ್ಲ."

ಎಡಗಡೆಯೂ ಆಯಿತು. ಅಲುಗುತ್ತಿದ್ದ ಎರಡರಲ್ಲಿ ಬಲಗಡೆಯದು ನಿಂತಿತು. ಎಡಗಡೆಯದು ಕೈಮೀರಿ ಹೋಗಿತ್ತು, ಕೀಳಿಸಲೇಬೇಕಾಯಿತು. ಅವತ್ತು ಅವಳು ಯಾರ ಮೇಲೂ ರೇಗಲಿಲ್ಲ, ಗೋಡೆ ಕಡೆ ತಿರುಗಿ ಅತ್ತಳು.

ಮರುವಾರ ಅಂಗಡಿಗೆ ಅಕ್ಕ ಬಂದಳು. "ನೋಡ್ದ್ಯಾ? ನಾನು ಆಗ್ಲೇ ಬಡ್ಕೊಂಡೆ."

"ಬಾ ಇಲ್ಲಿ!" ಸೋಫಾದಮ್ಮ ಬಾಯಿ ಅಗಲಿಸಿದಳು. "ಹೋಗಿದ್ದು ಒಂದು. ಅದೂ ಹಣೆಬರಹಕ್ಕಲ್ಲ, ನನ್ನ ಕೊಬ್ಬಿಗೆ. ಉಳಿದಿದ್ದನ್ನ ಅಲ್ಲಾಡಿಸು. ಬೆರಳು ಹಾಕೇ, ಅಲ್ಲಾಡಿಸು!"

ಅಕ್ಕ ಹಲ್ಲಿಗೆ ಬೆರಳಿಟ್ಟು ಒತ್ತಿದಳು. ಇನ್ನೂ ಜೋರಾಗಿ ಒತ್ತಿದಳು. ಅದು ಕದಲಲಿಲ್ಲ. ಅಕ್ಕನ ಮುಖ ಸಪ್ಪಗಾಯಿತು. ಅರ್ಧ ಕಟ್ಟಿದ್ದ ಕುರ್ಚಿಯ ಅಂಚಿನಲ್ಲಿ ಕೂತುಬಿಟ್ಟಳು.

"ಹಂಗಾದ್ರೆ ನಂದೂ ಉಳೀತಿತ್ತೇನೇ?"

ಸಮಾಧಾನಕ್ಕೆ ಒಂದು ಸುಳ್ಳು ಹೇಳಬಹುದಿತ್ತು. ಸೋಫಾದಮ್ಮ ಹೇಳಲಿಲ್ಲ. "ಎಲ್ಲಾ ಅಲ್ದಿದ್ರೂ ಒಂದಷ್ಟು ಉಳೀತಿತ್ತು ಅಕ್ಕ."

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನನ್ನ ಮಗಳಿಗೂ ಹಲ್ಲುಜ್ಜುವಾಗ ರಕ್ತ ಬರುತ್ತಂತೆ. ನಮ್ಮನೇಲಿ ಹೀಗೇ, ಸುಮ್ನಿರು ಅಂದ್ಬಿಟ್ಟೆ ಕಣೇ."

"ಏಳು! ಫೋನ್ ಮಾಡಿ ಅವಳನ್ನ ಈಗಲೇ ಡಾಕ್ಟರಮ್ಮನ ಹತ್ರ ಕರೆಸು" ಎಂದವಳೇ, ನಡುಹಗಲಲ್ಲಿ ಅಂಗಡಿಯ ಬಾಗಿಲು ಎಳೆದು ಬೀಗ ಹಾಕಿದಳು.