ರಾಜಮಾಬಿಯ ಚರಗಿ ಎಣಿಕೆ

"ಈ ಕ್ಯಾಂಪಿನಾಗ ಯಾರ ಹೊಟ್ಟಿ ಗುಡುಗಿದ್ರೂ ಅವರಿಗಿಂತ ಮೊದಲ ನನಗ ಗೊತ್ತಾಕ್ಕೈತ್ರಿ!"

ಆಶಾ ಕಾರ್ಯಕರ್ತೆ ರಾಜಮಾಬಿ ಡಾಕ್ಟರ್ ಹೇಮಂತನಿಗೆ ಫೋನಿನಲ್ಲಿ ಹೀಗೆ ಸಾರಿದಾಗ ಬೆಣ್ಣಿಹಳ್ಳ ಉಕ್ಕಿ ಮೂರು ದಿನವಾಗಿತ್ತು. ಎಷ್ಟು ಉಕ್ಕಿತ್ತೆಂದರೆ, ಮೀನುಗಳು ಪಂಚಾಯ್ತಿ ಕಟ್ಟೆಯೇರಿ ಠರಾವು ಪಾಸು ಮಾಡಿದವೆಂದು ಸುದ್ದಿ. ಮನೆ ಬಿಟ್ಟ ಮುನ್ನೂರು ಜನ ದಿಬ್ಬದ ಸಾಲೆಯ ಕ್ಯಾಂಪಿನಲ್ಲಿದ್ದರು. ಒಬ್ಬರ ಭೇದಿ ಕಣ್ಣು ತಪ್ಪಿದರೂ ಎರಡೇ ದಿನದಲ್ಲಿ ಇಡೀ ಸಾಲೆ ಹಾಸಿಗೆ ಹಿಡಿಯುವುದು ಖಂಡಿತ. ಅದನ್ನು ಮೊದಲೇ ಪತ್ತೆ ಹಚ್ಚುವುದು ರಾಜಮಾಬಿಯ ಕೆಲಸ. ಹದಿಮೂರು ವರ್ಷದ ಅನುಭವ ಆಕೆಯದು. ಪೋಲಿಯೋ ಹನಿ ಹಾಕಲು ಬೇವಿನ ಮರ ಹತ್ತಿದವಳು.

ಆದರೆ ಆ ಊರಿನ ಗಂಡಸರು ಹಾವು ಕಚ್ಚಿದರೆ ಹೇಳಿಯಾರು, ಹೊಟ್ಟೆ ಕೆಟ್ಟರೆ ಸತ್ತರೂ ಹೇಳರು. ಕೇಳಿದರೆ "ಅಗದಿ ಬೆಸ್ಟ್!" ಎಂಬ ಒಂದೇ ಜವಾಬು. ಹೀಗಾಗಿ ಆಕೆ ಜನರನ್ನು ಕೇಳುವುದು ಬಿಟ್ಟು ಚರಗಿಗಳನ್ನು ಎಣಿಸತೊಡಗಿದಳು. ಇದ್ದ ನಾಲ್ಕು ಪಾಯಖಾನೆ ಹೆಂಗಸರಿಗೆ ಮೀಸಲು. ಗಂಡಸರೆಲ್ಲ ಚರಗಿ ತುಂಬ ನೀರು ಹಿಡಿದು ಬಯಲಿಗೆ. ಆಕೆ ಗೇಟಿನ ಬಾಜು ಕುರ್ಚಿ ಹಾಕಿಕೊಂಡು, ಹೋದವರ ಹೆಸರಿಗೆ ಒಂದೊಂದು ಗೀಟು ಎಳೆಯುತ್ತಿದ್ದಳು.

ಐದನೆಯ ದಿನ ಮಧ್ಯಾಹ್ನದೊಳಗೆ ಈರಪ್ಪನಿಗೆ ಹನ್ನೊಂದು ಗೀಟು, ಸಿದ್ದರಾಮನಿಗೆ ಒಂಬತ್ತು; ಹೀಗೆ ಹದಿನಾಲ್ಕು ಜನ. ಹನ್ನೊಂದು ಸಲ ಹೋದವನಲ್ಲಿ ಮೀಸೆಯ ಹೊರತು ಏನೂ ಉಳಿದಿರಲಾರದೆಂದು ರಾಜಮಾಬಿ ಬೆವೆತು ಫೋನು ಹಚ್ಚಿದಳು. ಹೇಮಂತ ಎರಡು ಗಾಡಿ ತುಂಬ ಸಲಾಯಿನ್ ಬಾಟ್ಲಿ ಹೇರಿಕೊಂಡು ಹಾರಿ ಬಂದ.

ಇಬ್ಬರೂ ಹುಡುಕುತ್ತ ಹೋದರು. ದಿಬ್ಬದ ಕೆಳಗೆ ಜಾಲಿ ಕಂಟಿಯ ಹಿಂದೆ, ಬಾವಿಯ ದಂಡೆಯಲ್ಲಿ ಹದಿನಾಲ್ಕು ಚರಗಿ ಸಾಲಾಗಿ ಕೂತಿದ್ದವು. ಪಕ್ಕದಲ್ಲಿ ಹದಿನಾಲ್ಕು ಜನ ಇಸ್ಪೀಟು ಆಡುತ್ತಿದ್ದರು.

"ಹೆಂಡ್ರ ಮುಂದ ಆಡಾಕ ಬರೂದಿಲ್ರಿ," ಎಂದ ಈರಪ್ಪ. "ಚರಗಿ ಹಿಡದಾಂವನ್ನ 'ಎಲ್ಲಿಗೆ' ಅಂತ ಯಾರೂ ಕೇಳೂದಿಲ್ಲ. ಆಗಾಗ ಹೋಗಿ ಹೆಂಡ್ರಿಗೆ ಮಾರಿ ತೋರಿಸಿ, ಮತ್ತ ಚರಗಿ ಹಿಡಕೊಂಡು ಬರ್ತೀವಿ."

ಹೇಮಂತ ಸಿಡಿದ. "ಹದಿನಾಲ್ಕು ಪೇಶಂಟ್ ಅಂದ್ರಲ್ರಿ ರಾಜಮಾಬಿ! ಇಲ್ಲಿ ರಾಜಾ, ರಾಣಿ, ಗುಲಾಮ ಬಿಟ್ರ ಯಾರೂ ಇಲ್ಲ! ನಾನು ರಿಪೋರ್ಟಿನ್ಯಾಗ ಸೊನ್ನಿ ಬರೀತೀನಿ."

ರಾಜಮಾಬಿಯ ಮುಖ ಸುಟ್ಟ ಬದನೆಕಾಯಿಯಾಯಿತು. ಅಷ್ಟರಲ್ಲಿ ಬಾವಿಯ ಹಸಿ ಹಗ್ಗ ಆಕೆಯ ಕಣ್ಣಿಗೆ ಬಿತ್ತು.

"ಈರಪ್ಪ ಕಾಕಾ, ನೀರಡಿಕಿ ಆದಾಗ ಏನು ಕುಡದ್ರಿ?"

"ಇದ ಬಾವಿ ನೀರಬೇ. ನಿನ್ನಿಯಿಂದ ಇದನ್ನ ಕುಡ್ಯಾಕ ಹತ್ತೇವಿ. ನಿಮ್ಮ ಟ್ಯಾಂಕರ್ ನೀರು ಔಷಧ ನಾತ ಹೊಡಿತೈತಿ."

ಇಡೀ ಊರಿನ ಗಟಾರ, ಸಗಣಿಯನ್ನೆಲ್ಲ ತೊಳೆದುಕೊಂಡು ಹಳ್ಳ ಬಂದು ಇಳಿದದ್ದೇ ಆ ಬಾವಿಗೆ. ಹೇಮಂತನ ಪೆನ್ನು ಗಾಳಿಯಲ್ಲೇ ನಿಂತಿತು.

ಅದೇ ಹೊತ್ತಿಗೆ ಈರಪ್ಪ, ಕೈಯಲ್ಲಿ ಮೂರು ಎಕ್ಕಾ ಇದ್ದರೂ ಎಲೆ ಚೆಲ್ಲಿ ಎದ್ದ. ಚರಗಿಗೆ ಕೈ ಹಾಕಿದ.

"ಮತ್ತ ಎಲ್ಲಿ ಆಟ ಹೂಡಾಕ ಹೊಂಟಿಯೋ?" ಹೇಮಂತ ಗದರಿಸಿದ.

"ಆಟ ಅಲ್ರಿ ಸಾಹೇಬ್ರ... ಈ ಸಲ ಖರೇನ ಐತಿ!" ಈರಪ್ಪ ಓಡುತ್ತಲೇ ಕೂಗಿದ.

ರಾಜಮಾಬಿ ಸೆರಗು ಸಿಗಿಸಿ, ಗಾಡಿಯ ಕಡೆ ಬೆರಳು ತೋರಿಸಿದಳು. "ಬಾಟ್ಲಿ ಇಳಸ್ರಿ ಸಾಹೇಬ್ರ. ಇವತ್ತಿಗೆ ಒಂದು ಬರಕೊಳ್ರಿ, ಉಳದ ಹದಿಮೂರು ನಾಳಿಗೆ. ನಾ ತಪ್ಪು ಎಣಿಸಿಲ್ಲ, ಒಂದು ದಿನ ಮೊದಲ ಎಣಿಸೇನಿ!"